ತೊಂಬತ್ತು ರಾತ್ಲಿನ ಹರಕೆ

ಮನುಷ್ಯನನ್ನು ರೂಪಿಸುವುದು ಅವನ ನಂಬಿಕೆಗಳು. ಅವು ಗಟ್ಟಿಯಾಗಿದ್ದರೆ ಹಸಿವಾಗಲಿ ಬಡತನವಾಗಲಿ ಅವನನ್ನು ಅಲುಗಿಸಲಾರದು. ಹೀಗೆಂದು ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನ ಮಕ್ಕಳಿಂದ ಕನ್ನಡದಲ್ಲಿ ಪ್ರಬಂಧ ಬರೆಸಿದ್ದೇನೆ, ಹತ್ತಕ್ಕೆ ಆರೂವರೆ ಅಂಕ ಕೊಟ್ಟಿದ್ದೇನೆ. ನಮ್ಮ ಮನೆಯಲ್ಲಿ ಮನುಷ್ಯರನ್ನು ರೂಪಿಸಿದ್ದು ಹುರುಳಿ. ನಂಬಿಕೆಯೂ ಇತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು, ಆದರೆ ಅದನ್ನು ಗಂಜಿಗೆ ನೆಂಚಿಕೊಳ್ಳಲು ಬರುತ್ತಿರಲಿಲ್ಲ. ಮೊನ್ನೆ ಡಾಕ್ಟರು ನನ್ನ ತೋಳು ಹಿಡಿದು ನೋಡಿ, "ಟೀಚರ್, ನಿಮಗೆ ಪ್ರೊಟೀನ್ ಸಾಲದು" ಎಂದು ಯಾವುದೋ ಪುಡಿಯ ಡಬ್ಬಿಯ ಹೆಸರು ಬರೆದುಕೊಟ್ಟಾಗ ನನಗೆ ನಗುವಷ್ಟು ಉತ್ಸಾಹವೂ ಬರಲಿಲ್ಲ. ಆ ಶಬ್ದದೊಂದಿಗೆ ನನ್ನದು ಹಳೆಯ ಜಗಳ. ಅದು ನಮ್ಮ ಹೊಸ್ತಿಲು ದಾಟಿದ್ದು ನನಗೆ ಹನ್ನೊಂದು ವರ್ಷವಿದ್ದಾಗ, ಅಳುತ್ತಾ ಬಂದ ನನ್ನ ಅಕ್ಕನ ಬೆನ್ನಿಗೆ.

ಮನೆ ಇದ್ದದ್ದು ಪಾಂಡೇಶ್ವರದ ಒಂದು ಒಳ ಓಣಿಯಲ್ಲಿ, ಹಂಚಿನ ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು. ದೇಶಾಂತರಕ್ಕೆಲ್ಲ ಹಂಚು ಕಳಿಸುವ ಕಾರ್ಖಾನೆಯ ಮಗ್ಗುಲಲ್ಲಿದ್ದೂ ನಮ್ಮ ಮಾಡು ನಾಲ್ಕು ಕಡೆ ಸೋರುತ್ತಿತ್ತು. ಇದರಲ್ಲಿ ಏನೋ ನೀತಿ ಇರಬೇಕೆಂದು ಪಪ್ಪ ಹೇಳುತ್ತಿದ್ದರು, ಆದರೆ ಯಾವ ನೀತಿಯೆಂದು ಹೇಳುತ್ತಿರಲಿಲ್ಲ. ಎದುರಿಗೆ ಚಾವಡಿ, ಅದರ ಗೋಡೆಯಲ್ಲಿ ಆಲ್ತಾರು, ಅಂದರೆ ಪ್ರಾರ್ಥನೆಯ ಪೀಠ, ಆಲ್ತಾರಿನ ಮೇಲೆ ಗಾಜಿನ ಚೌಕಟ್ಟಿನೊಳಗೆ ಸಂತ ಅಂತೋನಿ. ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಹಿಂದೆ ಅಡುಗೆಮನೆ. ಅಡುಗೆಮನೆ ವಡ್ಲಿಮಾಯ್‌ಯದು, ಅಂದರೆ ಪಪ್ಪನ ತಾಯಿಯದು. ಅಮ್ಮ ಅಲ್ಲಿ ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದಳು ಅಷ್ಟೆ. ಪಪ್ಪ ಬಂದರಿನಲ್ಲಿ ಟ್ಯಾಲಿ ಕ್ಲಾರ್ಕು. ಮಂಜಿಗಳಿಗೆ, ಅಂದರೆ ಹಾಯಿಹಡಗುಗಳಿಗೆ, ಏರುವ ಮೂಟೆಗಳನ್ನು ಎಣಿಸಿ ಗೀಟು ಹಾಕುವುದು ಅವರ ಕೆಲಸ. ಮಳೆಗಾಲದಲ್ಲಿ ಬಂದರು ಬಾಗಿಲು ಹಾಕಿದರೆ ಎಣಿಸಲಿಕ್ಕೆ ಏನೂ ಇರುತ್ತಿರಲಿಲ್ಲ, ಆಗ ಅಮ್ಮ ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಳು. ಗೇರುಬೀಜದ ಸಿಪ್ಪೆಯ ಎಣ್ಣೆ ಅಮ್ಮನ ಬೆರಳ ತುದಿಗಳನ್ನು ಸುಟ್ಟು ಕಪ್ಪು ಮಾಡಿತ್ತು. ಚರ್ಚಿನಲ್ಲಿ ಪ್ರಸಾದಕ್ಕೆ ಹೋಗುವಾಗ ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದು ಭಕ್ತಿಯಿಂದ ಎಂದು ನಾನು ಬಹಳ ದಿನ ತಿಳಿದಿದ್ದೆ.

ಊಟವೆಂದರೆ ಕುಚ್ಚಲಕ್ಕಿ ಗಂಜಿ ಮತ್ತು ಮೀನು. ಮೀನು ನಮಗೆ ವೈಭವವಾಗಿರಲಿಲ್ಲ. ತರಕಾರಿ ಕೊಳ್ಳಲಾಗದವರು ಮೀನು ತಿನ್ನುತ್ತಿದ್ದ ಊರು ಅದು. ಬೆಂಗ್ರೆಯಿಂದ ಕಡವಿನ ದೋಣಿಯಲ್ಲಿ ಹೊಳೆ ದಾಟಿ ಕಮಲಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದಳು. ಅವಳು ಓಣಿಯ ಬಾಯಿಗೆ ಬರುವ ಮೊದಲೇ ನಮ್ಮ ಬೆಕ್ಕು ಗೇಟಿನಲ್ಲಿ ಇರುತ್ತಿತ್ತು. ತಲೆ ಪಪ್ಪನಿಗೆ, ನಡುತುಂಡು ವಡ್ಲಿಮಾಯ್‌ಗೆ, ಬಾಲ ನನಗೆ. ಬಡಿಸುವವಳು ಅಕ್ಕ ಎಮಿಲಿ. ಎಲ್ಲರಿಗೂ ಬಡಿಸಿ ಅವಳು ಕೂರುವ ಹೊತ್ತಿಗೆ ಮಡಕೆಯಲ್ಲಿ ಉಳಿಯುತ್ತಿದ್ದದ್ದು ಕೆಂಪು ಸಾರು ಮತ್ತು ಮೀನು ಇಲ್ಲಿತ್ತೆಂಬ ವಾಸನೆ. ಇದನ್ನು ಯಾರೂ ಅನ್ಯಾಯವೆಂದು ತಿಳಿದಿರಲಿಲ್ಲ, ಅವಳೂ ಸಹ. ಹದಿನೆಂಟು ತುಂಬಿದಾಗ ಅವಳು ನಮ್ಮ ಬಟ್ಟೆ ಒಣಗಿಸುವ ಕೋಲಿಗಿಂತ ಸ್ವಲ್ಪ ದಪ್ಪವಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ನರ್ಸ್ ಆಗುವುದು. ನರ್ಸಿಂಗ್ ಕಲಿಯುವವರಿಗೆ ಆಸ್ಪತ್ರೆಯೇ ಊಟ, ಬಟ್ಟೆ, ಇರಲಿಕ್ಕೆ ಜಾಗ ಕೊಡುತ್ತಿತ್ತು. ಅದು ಸಿಗದಿದ್ದರೆ ಅಮ್ಮನ ಜೊತೆ ಗೇರುಬೀಜಕ್ಕೆ. ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಮಾತ್ರ ಆಗಾಗ ಅಮ್ಮನ ಬೆರಳು ನೋಡಿ, ಆಮೇಲೆ ತನ್ನ ಬೆರಳು ನೋಡಿಕೊಳ್ಳುತ್ತಿದ್ದಳು.

ಸೆಪ್ಟೆಂಬರಿನ ಹೊಸ ಅಕ್ಕಿ ಹಬ್ಬ ಕಳೆದ ವಾರ ಅವಳು ಅಮ್ಮನೊಂದಿಗೆ ಆಸ್ಪತ್ರೆಗೆ ಪರೀಕ್ಷೆಗೆ ಹೋದಳು. ಬರವಣಿಗೆಯಲ್ಲಿ ಪಾಸಾದಳು. ಆಮೇಲೆ ಮೇಟ್ರನ್ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಎಂಬತ್ತಮೂರು ಪೌಂಡು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಿ.

"ರೋಗಿಯನ್ನು ನೀನು ಎತ್ತುವುದಾ, ರೋಗಿ ನಿನ್ನನ್ನು ಎತ್ತುವುದಾ?" ಎಂದು ಮೇಟ್ರನ್ ಕೇಳಿದರಂತೆ. "ಇವಳಿಗೆ ಪ್ರೊಟೀನ್ ಸಾಲದು. ಮೀನು ಕೊಡಿ, ಮೊಟ್ಟೆ ಕೊಡಿ, ಹಾಲು ಕೊಡಿ. ಡಿಸೆಂಬರ್ ಮೊದಲ ಬುಧವಾರ ಇನ್ನೊಮ್ಮೆ ತೂಗ್ತೇನೆ. ತೊಂಬತ್ತು ಆಗ್ಬೇಕು. ಆಗದಿದ್ರೆ ಸೀಟು ಬೇರೆಯವರಿಗೆ."

ಈ ಮಾತು ಮನೆ ಮುಟ್ಟುವ ಮೊದಲೇ ಮನೆಯಲ್ಲಿ ಬೇರೊಂದು ಘಟನೆ ನಡೆದುಹೋಗಿತ್ತು. ಕಮಲಕ್ಕ ಆಸ್ಪತ್ರೆಯ ಗೇಟಿನ ಹತ್ತಿರ ಎಮಿಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡಿದ್ದಳು, ಬುಟ್ಟಿಯ ಜೊತೆಗೆ ಆ ಸುದ್ದಿಯನ್ನೂ ಹೊತ್ತು ನಮ್ಮ ಓಣಿಗೆ ಬಂದಿದ್ದಳು. ಯಾಕೆ ಅಳುತ್ತಿದ್ದಳು ಎಂದು ಅವಳಿಗೆ ಗೊತ್ತಿರಲಿಲ್ಲ, ವಡ್ಲಿಮಾಯ್ ಕೇಳಲೂ ಇಲ್ಲ. ಸೀರೆ ಬದಲಿಸಿ, ಬಿಸಿಲಲ್ಲೇ ಚರ್ಚಿಗೆ ನಡೆದು, ಮೊಣಕಾಲೂರಿ, ಎದ್ದು ಬಂದಳು. ಅಮ್ಮ ಮತ್ತು ಅಕ್ಕ ಬಂದಾಗ ಅವಳು ಚಾವಡಿಯಲ್ಲಿ ಯುದ್ಧ ಗೆದ್ದವಳ ಹಾಗೆ ಕೂತಿದ್ದಳು.

"ಅಳ್ಬೇಡ ಎಮಿಲಿ. ಎಲ್ಲ ಸರಿ ಮಾಡಿ ಬಂದಿದ್ದೇನೆ. ಹರಕೆ ಹೊತ್ತಾಯ್ತು."

"ಎಂತ ಹರಕೆ ಮಾಯ್?" ಎಂದು ಅಮ್ಮ ಕೇಳಿದಳು.

"ಇವಳಿಗೆ ಸೀಟು ಸಿಗುವವರೆಗೆ ಈ ಮನೆಯ ಒಲೆಯ ಮೇಲೆ ಮೀನು ಇಲ್ಲ, ಮಾಂಸ ಇಲ್ಲ. ಸಂತ ಅಂತೋನಿಗೆ ಮಾತು ಕೊಟ್ಟಾಯ್ತು."

ಅಮ್ಮ ಹೊಸ್ತಿಲಲ್ಲೇ ಕೂತುಬಿಟ್ಟಳು.

"ಮಾಯ್, ಅವರು ಹೇಳಿದ್ದೇ ಮೀನು ಕೊಡಿ ಅಂತ. ಮೀನು ತಿಂದ್ರೆ ಸೀಟು ಅಂತ."

ವಡ್ಲಿಮಾಯ್ ಆಲ್ತಾರಿನ ಕಡೆಗೊಮ್ಮೆ ನೋಡಿದಳು. ಆಮೇಲೆ, "ಅದನ್ನು ಮೊದಲೇ ಹೇಳ್ಬೇಕಿತ್ತು," ಎಂದಳು.

"ಯಾರಿಗೆ ಹೇಳುವುದು? ನಾವು ಬರುವಷ್ಟು ಹೊತ್ತು ಕಾಯ್ಲಿಕ್ಕೆ ನಿಮಗೆ ಆಗ್ಲಿಲ್ವಲ್ಲ!"

"ಕೆಟ್ಟ ಸುದ್ದಿ ಬಾಗಿಲಿಗೆ ಬರುವವರೆಗೆ ಕಾಯುವವಳು ನಾನಲ್ಲ."

ಮರುದಿನ ಪಪ್ಪ ವಿಗಾರರ, ಅಂದರೆ ನಮ್ಮ ಚರ್ಚಿನ ದೊಡ್ಡ ಪಾದ್ರಿಗಳ, ಹತ್ತಿರ ಹೋದರು. ಒಬ್ಬರು ಹೊತ್ತ ಹರಕೆ ಹೊತ್ತವರನ್ನು ಮಾತ್ರ ಕಟ್ಟುತ್ತದೆ, ಮನೆಯ ಉಳಿದವರು ಧಾರಾಳವಾಗಿ ಮೀನು ತಿನ್ನಬಹುದು ಎಂದು ವಿಗಾರರು ತೀರ್ಪು ಕೊಟ್ಟರು. ಪಪ್ಪ ಅದನ್ನು ಕೋರ್ಟಿನ ಡಿಕ್ರಿಯಂತೆ ಮನೆಗೆ ತಂದರು.

"ವಿಗಾರರು ಈ ಇಗರ್ಜಿಗೆ ಬಂದು ಎರಡು ವರ್ಷ," ಎಂದಳು ವಡ್ಲಿಮಾಯ್. "ಸಂತ ಅಂತೋನಿ ನನ್ನ ಮದುವೆಗೆ ಮೊದಲೇ ಅಲ್ಲಿ ಇದ್ದವರು. ನಾನು ಒಲೆಯ ಮೇಲೆ ಮಾತು ಕೊಟ್ಟದ್ದು. ಬೇಕಾದ್ರೆ ನೀವು ಬೇರೆ ಒಲೆ ಹೂಡಿ."

ಬೇರೆ ಒಲೆ ಹೂಡುವುದೆಂದರೆ ಮನೆ ಪಾಲಾಗುವುದು. ನಾಲ್ಕು ಕಡೆ ಸೋರುವ ಮಾಡನ್ನು ಪಾಲು ಮಾಡಿದರೆ ಒಬ್ಬೊಬ್ಬರಿಗೆ ಎರಡೆರಡು ಸೋರಿಕೆ ಬರುತ್ತಿತ್ತು. ಪಪ್ಪ ತಲೆ ತಗ್ಗಿಸಿ ಬಂದರಿಗೆ ಹೋದರು. ಹೊರಗೆ ಕಮಲಕ್ಕ ಬುಟ್ಟಿ ಇಳಿಸಿ ಕೂಗಿದಳು, "ಎಂತ ಬಾಯಮ್ಮ, ಬೂತಾಯಿ ಬೇಡ್ವಾ? ಹೊಳೆಯುವ ಬೂತಾಯಿ!" ಅಮ್ಮ ಬೇಡವೆಂದಳು. ಮೂರು ತಿಂಗಳು ಬೇಡವೆಂದಳು. ತಾನು ತಂದ ಸುದ್ದಿಯಿಂದ ತನ್ನ ಒಂದು ಗಿರಾಕಿ ಮನೆ ಹೋಯಿತೆಂದು ತಿಳಿದಾಗ ಕಮಲಕ್ಕ ಬುಟ್ಟಿಯ ಅಂಚಿಗೇ ಹಣೆ ಚಚ್ಚಿಕೊಂಡಳು. ಆ ವರ್ಷ ಬೂತಾಯಿಗೆ ಸುಗ್ಗಿ. ಬಲೆಗಳು ಹರಿಯುವಷ್ಟು ಬಿತ್ತು. ತಿಂದು, ಒಣಗಿಸಿ, ಎಣ್ಣೆ ತೆಗೆದು, ಮುಗಿಯದೆ ಉಳಿದದ್ದನ್ನು ಗಾಡಿಗಳಲ್ಲಿ ತಂದು ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕಿದರು. ಪಾಂಡೇಶ್ವರದ ತೆಂಗಿನಮರಗಳು ಆ ಮೂರು ತಿಂಗಳು ನನ್ನ ಅಕ್ಕನಿಗಿಂತ ಹೆಚ್ಚು ಪ್ರೊಟೀನ್ ತಿಂದವು.

ಮನೆಯಲ್ಲಿ ಅಮ್ಮ ಹುರುಳಿಯ ಮೊರೆಹೊಕ್ಕಳು. ಮೀನಿಲ್ಲದೆ ಪ್ರೊಟೀನ್ ಎಲ್ಲಿ ಸಿಗುತ್ತದೆಂದು ಪಪ್ಪ ಹಂಪನಕಟ್ಟೆಯ ಔಷಧದ ಅಂಗಡಿಯವನನ್ನು ಕೇಳಿದ್ದರು. ಅವನು ಕಾಳುಗಳಲ್ಲಿ ಉಂಟು, ಕಡಿಮೆ ಬೆಲೆಗೆ ಹುರುಳಿ ಸಾಕು, ಕುದುರೆಗಳನ್ನು ನೋಡಿ ಎಂದಿದ್ದ. ಹೀಗೆ ಕುದುರೆಯ ಆದರ್ಶ ನಮ್ಮ ಮುಂದೆ ಬಂತು. ಹುರುಳಿ ನೆನೆಸಿ, ಮೊಳಕೆ ಬರಿಸಿ, ಬೇಯಿಸಿ, ಹುರಿದು, ಚಟ್ನಿ ಮಾಡಿ, ಅಮ್ಮ ಅದನ್ನು ಹನ್ನೆರಡು ವೇಷದಲ್ಲಿ ಮುಂದಿಟ್ಟಳು. ಹನ್ನೆರಡರಲ್ಲೂ ಅದು ಹುರುಳಿಯೆಂದು ಗೊತ್ತಾಗುತ್ತಿತ್ತು. ಅಕ್ಕನಿಗೆ ಕಾಳು, ನಮಗೆ ನಾಲ್ಕೈದು ಕಾಳು ತೇಲುವ ಬೇಯಿಸಿದ ನೀರು. ದಿನವೂ ಸಂಜೆ ಊಟಕ್ಕೆ ಮುಂಚೆ ತೇರ್ಸು, ಅಂದರೆ ಜಪಸರದ ಪ್ರಾರ್ಥನೆ. ಅದರ ಕೊನೆಗೆ ವಡ್ಲಿಮಾಯ್ ಎಮಿಲಿಯ ತೂಕಕ್ಕಾಗಿ ಮೂರು ನಮೋ ಮರಿಯ ಸೇರಿಸಿದಳು. ಹುರುಳಿಯ ದೆಸೆಯಿಂದ ಆ ಪ್ರಾರ್ಥನೆಯ ಗಾಂಭೀರ್ಯಕ್ಕೆ ಒದಗಿದ ಅಡಚಣೆಗಳನ್ನು ಇಲ್ಲಿ ವಿವರಿಸುವುದಿಲ್ಲ. ಪಪ್ಪನೇ ಹೆಚ್ಚಿನ ತಪ್ಪಿತಸ್ಥರು.

ಮೊಟ್ಟೆಯ ವಿಷಯ ಇತ್ಯರ್ಥವಾಗಲು ಎರಡು ವಾರ ಹಿಡಿಯಿತು. ನಮ್ಮಲ್ಲಿ ಎರಡು ಹೇಂಟೆ, ಒಂದು ಹುಂಜ ಇದ್ದವು. ಮೊಟ್ಟೆ ಮಾಂಸವೇ ಎಂದು ವಡ್ಲಿಮಾಯ್ ಹಟ ಹಿಡಿದಳು. ಈ ಜಿಜ್ಞಾಸೆ ಬಗೆಹರಿಸಿದವರು ಅಬ್ಬು ಬ್ಯಾರಿ. ಬಂದರಿನಲ್ಲಿ ಅವರದು ಕೊಬ್ಬರಿಯ ಗೋದಾಮು. ಅವರ ಮೂಟೆಗಳನ್ನು ಎಣಿಸುತ್ತಾ ಪಪ್ಪನಿಗೆ ಅವರ ಸ್ನೇಹವಾಗಿತ್ತು. ಸಂಗತಿ ಕೇಳಿ ಒಂದು ಪೊಟ್ಟಣ ನೆಲಗಡಲೆ ಹಿಡಿದು ಬಂದು, ಗೇಟಿನ ಹೊರಗೇ ನಿಂತು ಮಾತಾಡಿದರು.

"ಮೊಟ್ಟೆ ಎಂತ ತಪ್ಪು ಮಾಡಿದ್ದು ಬಾಯಮ್ಮ?"

"ಒಡೆದ್ರೆ ಮರಿ, ಬೆಳೆದ್ರೆ ಮಾಂಸ. ನಾಳೆ ಮಾಂಸ ಆಗುವುದು ಇವತ್ತೂ ಮಾಂಸವೇ ಬ್ಯಾರ್ರೆ."

"ಹುಂಜ ಉಂಟಾದ್ರೆ ಮರಿ. ಹುಂಜ ಇಲ್ಲದ ಮನೆಯ ಮೊಟ್ಟೆಯಲ್ಲಿ ಜೀವ ಎಲ್ಲಿಂದ ಬರ್ತದೆ? ಅದು ಬದನೆಕಾಯಿಯ ಹಾಗೆ. ಗಿಡದಲ್ಲಿ ಆಗುವ ಬದಲು ಕೋಳಿಯಲ್ಲಿ ಆಗ್ತದೆ, ಅಷ್ಟೇ ವ್ಯತ್ಯಾಸ."

ವಡ್ಲಿಮಾಯ್ ಎರಡು ದಿನ ಯೋಚಿಸಿ ಒಪ್ಪಿದಳು. ಹುಂಜ ಹೋಗಬೇಕಾಯಿತು. ಅಬ್ಬು ಬ್ಯಾರಿಯೇ ಅದನ್ನು ಕೊಂಡುಹೋದರು. ಶಾಸ್ತ್ರ ಹೇಳಿದ್ದಕ್ಕೆ ಸಂಭಾವನೆ ಎಂದರು ಪಪ್ಪ. ಹದಿನೈದು ದಿನ ಕಾದು, ಹುಂಜದ ನೆನಪು ಹೇಂಟೆಗಳಿಂದ ಪೂರ್ತಿ ಹೋಯಿತೆಂದು ಖಚಿತಪಡಿಸಿಕೊಂಡ ಮೇಲೆ ಅಕ್ಕನಿಗೆ ಎರಡು ದಿನಕ್ಕೊಂದು ಮೊಟ್ಟೆ ಸಿಗತೊಡಗಿತು. ಎಲ್ಲರ ಎದುರು ಅದನ್ನು ತಿನ್ನುವುದು ಅವಳಿಗೆ ಮುಳ್ಳು ನುಂಗಿದ ಹಾಗೆ. ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. "ಆಚೆ ನೋಡು ಜೊಸ್ಸಿ," ಎಂದು ಅಮ್ಮ ಗದರುತ್ತಿದ್ದಳು. ನಾನು ಆಚೆ ನೋಡುತ್ತಿದ್ದೆ, ಆಚೆ ಅದೇ ಮೊಟ್ಟೆಯ ಸಿಪ್ಪೆ ಇರುತ್ತಿತ್ತು.

ಹಾಲಿನ ಭಾಗ ನನ್ನದಾಯಿತು. ನಮ್ಮ ಶಾಲೆಯಲ್ಲಿ ಅಮೆರಿಕದಿಂದ ಬಂದ ಹಾಲಿನ ಪುಡಿಯನ್ನು ದೊಡ್ಡ ಹಂಡೆಯಲ್ಲಿ ಕದಡಿ ಮಧ್ಯಾಹ್ನ ಒಬ್ಬೊಬ್ಬರಿಗೆ ಒಂದು ಲೋಟ ಕೊಡುತ್ತಿದ್ದರು. ನನ್ನ ಲೋಟವನ್ನು ಕುಡಿಯದೆ ಸೀಸೆಯಲ್ಲಿ ತುಂಬಿ ಅಕ್ಕನಿಗೆ ತರಬೇಕೆಂದು ಅಮ್ಮ ಕೇಳಿದಳು. ಕೇಳಿದಳು, ಆಜ್ಞೆ ಮಾಡಲಿಲ್ಲ. ಅದಕ್ಕೇ ನಾನು ಹೂಂ ಎಂದೆ. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ಮೂರು ದೀಪದ ಕಂಬಗಳಿದ್ದವು. ಮೊದಲ ವಾರ ನಾನು ಅವನ್ನು ಗಮನಿಸಲಿಲ್ಲ. ಎರಡನೆಯ ವಾರ ಪ್ರತಿ ಕಂಬದ ಬುಡದಲ್ಲಿ ನಿಂತು ಒಂದೊಂದು ಗುಟುಕು ಕುಡಿದೆ. ಆ ಹಾಲು ಸುಣ್ಣದ ನೀರಿನ ಹಾಗಿತ್ತು, ತಳದಲ್ಲಿ ಗಂಟುಗಳು. ಜನ್ಮದಲ್ಲಿ ಅಷ್ಟು ರುಚಿಯಾದದ್ದನ್ನು ನಾನು ಮತ್ತೆ ಕುಡಿಯಲಿಲ್ಲ. ಮೂರನೆಯ ಕಂಬದ ಮುಂದೆ ಒಂದು ಸಾರ್ವಜನಿಕ ನಲ್ಲಿ ಇತ್ತು. ಸೀಸೆ ಯಾವಾಗಲೂ ತುಂಬಿಯೇ ಮನೆ ಸೇರುತ್ತಿತ್ತು.

ತೂಗುವುದು ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆಯಾಗಿತ್ತು. ಆಸ್ಪತ್ರೆಯಲ್ಲಿ ದಿನವೂ ತೂಗಿ ಕೊಡಲಿಕ್ಕೆ ಅದೇನು ಸಂತೆಯೇ? ಕಡೆಗೆ ಪಪ್ಪ ಅಬ್ಬು ಬ್ಯಾರಿಯವರನ್ನೇ ಕೇಳಿದರು. ಅವರ ಗೋದಾಮಿನಲ್ಲಿ ತೊಲೆಯಿಂದ ಇಳಿಬಿಟ್ಟ ಆಳೆತ್ತರದ ತಕ್ಕಡಿ ಇತ್ತು. ಒಂದು ತಟ್ಟೆಯಲ್ಲಿ ಕೊಬ್ಬರಿಯ ಮೂಟೆ, ಇನ್ನೊಂದರಲ್ಲಿ ಕಬ್ಬಿಣದ ಗುಂಡುಗಳು. ಆಗಷ್ಟೇ ಸರಕಾರ ಕಿಲೋ ಎಂಬುದನ್ನು ತಂದಿತ್ತು, ಬಂದರಿನಲ್ಲಿ ಅದನ್ನು ಯಾರೂ ನಂಬುತ್ತಿರಲಿಲ್ಲ. ಅಲ್ಲಿ ಎಲ್ಲವೂ ರಾತ್ಲು, ಮತ್ತು ರಾತ್ಲು ಅಂದರೆ ಆಸ್ಪತ್ರೆಯ ಪೌಂಡೇ. ಪ್ರತಿ ಶನಿವಾರ ಮಧ್ಯಾಹ್ನ ನಾನು ಅಕ್ಕನ ಜೊತೆಗೆ ಹೋಗುತ್ತಿದ್ದೆ. ನಾವು ಬರುವುದು ಕಂಡ ಕೂಡಲೇ ಅಬ್ಬು ಬ್ಯಾರಿ ಕೂಲಿಯವರನ್ನೆಲ್ಲ ಹೊರಗೆ ಕಳಿಸಿ, ತಾವೂ ಬಾಗಿಲಲ್ಲಿ ರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಒಳಗೆ ತೂಕದ ಮೋನು ಕಾಕ ಒಬ್ಬರೇ. ನಲವತ್ತು ವರ್ಷದಿಂದ ಅದೇ ತಕ್ಕಡಿಯ ಕೆಳಗೆ ನಿಂತು ಅವರ ಕತ್ತು ಒಂದು ಕಡೆಗೆ ವಾಲಿತ್ತು. ಅಕ್ಕ ತಲೆಯ ಮೇಲೆ ಸೆರಗು ಹೊದ್ದು ತಟ್ಟೆಯಲ್ಲಿ ಮೂಟೆಯ ಹಾಗೆ ಕೂರುತ್ತಿದ್ದಳು. ಮೋನು ಕಾಕ ಗುಂಡುಗಳನ್ನು ಒಂದೊಂದಾಗಿ ಇಡುವರು, ಮುಳ್ಳು ನೋಡುವರು, ಎಡಗೈಯ ಎರಡು ಬೆರಳು ಮಡಚುವರು, ಆಮೇಲೆ ಗಟ್ಟಿಯಾಗಿ ಲೆಕ್ಕ ಹೇಳುವರು. ಆ ಎರಡು ಬೆರಳನ್ನು ನಾನು ಹನ್ನೊಂದು ಶನಿವಾರ ನೋಡಿದೆ. ನಾವು ಶಿಲುಬೆಯ ಗುರುತು ಮಾಡುವ ಹಾಗೆ ಅವರದೂ ಏನೋ ಇರಬೇಕು ಎಂದುಕೊಂಡೆ.

ಮೊದಲ ಶನಿವಾರ ಎಂಬತ್ತೊಂದು ಎಂದರು. ಆಸ್ಪತ್ರೆಯಲ್ಲಿ ಎಂಬತ್ತಮೂರಿತ್ತು! ವಾರದೊಳಗೆ ಎರಡು ರಾತ್ಲು ಇಳಿದುಹೋಗಿದ್ದಳು. ಮನೆಯಲ್ಲಿ ದೊಡ್ಡ ಜಗಳವಾಯಿತು. ಇದು ಹರಕೆಯ ಫಲ ಎಂದಳು ಅಮ್ಮ. ಅತ್ತು ಅತ್ತು ಇಳಿದಿದ್ದಾಳೆ, ಕಣ್ಣೀರಿಗೂ ತೂಕ ಉಂಟು ಎಂದಳು ವಡ್ಲಿಮಾಯ್. ಅಂದಿನಿಂದ ಅಕ್ಕನಿಗೆ ಅಳುವುದನ್ನೂ ನಿಷೇಧಿಸಲಾಯಿತು. ಅಲ್ಲಿಂದ ತೂಕ ಏರಿತು, ಹುರುಳಿಯ ಹಾಗೆ ನಿಧಾನಕ್ಕೆ, ನೆನೆದು ನೆನೆದು. ಎಂಬತ್ತೆರಡು. ಎಂಬತ್ತೆರಡು. ಎಂಬತ್ತನಾಲ್ಕು. ಅಕ್ಕನ ಕೆನ್ನೆಗೆ ಬಣ್ಣ ಬಂತು, ಅಮ್ಮನ ಕೆನ್ನೆಯಿಂದ ಹೋಯಿತು; ಅಮ್ಮ ತನ್ನ ಪಾಲಿನ ಕಾಳನ್ನೂ ಅಕ್ಕನ ತಟ್ಟೆಯ ಅನ್ನದ ಕೆಳಗೆ ಮುಚ್ಚಿಡುತ್ತಿದ್ದಳು. ನವೆಂಬರ್ ಮುಗಿಯುವ ಹೊತ್ತಿಗೆ ಮನೆಯಲ್ಲಿ ಜಗಳ ಆಡಲೂ ಯಾರಿಗೂ ತ್ರಾಣವಿರಲಿಲ್ಲ. ಕೊನೆಯ ಶನಿವಾರ ಬಂತು. ಬುಧವಾರ ಆಸ್ಪತ್ರೆ. ಮೋನು ಕಾಕ ಗುಂಡು ಇಟ್ಟರು, ಮುಳ್ಳು ನೋಡಿದರು, ಬೆರಳು ಮಡಚಿದರು.

"ಎಂಬತ್ತೆಂಟು."

ಅಕ್ಕ ತಟ್ಟೆಯಿಂದ ಇಳಿಯಲೇ ಇಲ್ಲ. ಸೆರಗಿನೊಳಗಿಂದ, "ಇನ್ನೊಮ್ಮೆ ನೋಡಿ ಕಾಕ," ಎಂದಳು. ಅವರು ಇನ್ನೊಮ್ಮೆ ನೋಡಿದರು, ಇನ್ನೊಮ್ಮೆ ಬೆರಳು ಮಡಚಿದರು. ಎಂಬತ್ತೆಂಟೇ. ದಾರಿಯುದ್ದಕ್ಕೂ ಅವಳು ಅಳಲಿಲ್ಲ, ಅಳುವುದು ನಿಷೇಧವಿತ್ತು. ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡುತ್ತಾ ನಡೆದಳು.

ಎರಡು ರಾತ್ಲು ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು. ಮೂರು ಕಂಬ, ಮೂರು ಗುಟುಕು, ಎರಡೂವರೆ ತಿಂಗಳು. ಗುಣಾಕಾರ ಆಗಷ್ಟೇ ಚೆನ್ನಾಗಿ ಬರುತ್ತಿತ್ತು. ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದು ವಡ್ಲಿಮಾಯ್ ಅಂಗಳದಲ್ಲಿ ಹುರುಳಿ ಗೇರುತ್ತಿದ್ದಾಗ ಹೋಗಿ ಎದುರು ನಿಂತೆ. ಪಾದ್ರಿಗಳಿಗೆ ಹೇಳಲಿಕ್ಕೆ ಧೈರ್ಯವಾಗಿರಲಿಲ್ಲ.

"ವಡ್ಲಿಮಾಯ್, ಹಾಲು ನಾನು ಕುಡಿದೆ."

"ಯಾವ ಹಾಲು?"

"ಅಕ್ಕನದ್ದು. ದಿನಾ. ನೀರು ತುಂಬಿಸಿ ತಂದೆ."

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಹೊಡೆತ ಬರಲಿಲ್ಲ. ಕಣ್ಣು ಬಿಟ್ಟಾಗ ಅವಳು ಗೆರಸಿಯಲ್ಲಿದ್ದ ಹುರುಳಿಯನ್ನು ನೋಡುತ್ತಿದ್ದಳು, ಮೊದಲ ಸಲ ನೋಡುವ ಹಾಗೆ.

"ನಿನಗೆ ಹಸಿವು ಇತ್ತಾ?"

ನಾನು ಸುಳ್ಳು ಹೇಳಲೆಂದು ಬಾಯಿ ತೆರೆದೆ, ಆಗಲಿಲ್ಲ.

"ಇತ್ತು."

"ನಿನ್ನ ಅಮ್ಮನಿಗೆ?"

"ಅಮ್ಮ ಕಾಳು ತಿನ್ನುವುದೇ ಇಲ್ಲ. ಅಕ್ಕನ ಅನ್ನದ ಅಡಿಯಲ್ಲಿ ಇಡ್ತಾಳೆ."

ವಡ್ಲಿಮಾಯ್ ಗೆರಸಿಯನ್ನು ಪಕ್ಕಕ್ಕಿಟ್ಟಳು. "ಒಂದು ಮಾತು ಕೊಟ್ಟು ಮನೆಯವರನ್ನೆಲ್ಲ ಕಳ್ಳರು ಮಾಡಿದೆ," ಎಂದಳು, ನನಗಲ್ಲ. ಎದ್ದು ಗೇಟಿಗೆ ಹೋದಳು. ಕಮಲಕ್ಕ ನಮ್ಮ ಗೇಟಿನ ಕಡೆ ನೋಡುವುದನ್ನೇ ಬಿಟ್ಟು ದಾಟಿಹೋಗುತ್ತಿದ್ದಳು.

"ಏ ಕಮಲ! ಎಂತ ಉಂಟು ಬುಟ್ಟಿಯಲ್ಲಿ?"

ಕಮಲಕ್ಕ ನಿಂತಳು. "ಬೂತಾಯಿ. ನಿಮಗೆಂತಕ್ಕೆ ಬಾಯಮ್ಮ? ನಿಮ್ಮಲ್ಲಿ ಕುದುರೆ ಸಾಕ್ತಾರಂತೆ, ಊರಿಡೀ ಹೇಳ್ತದೆ."

"ಬುಟ್ಟಿ ಇಳಿಸು. ಬಾಯಿ ಆಮೇಲೆ ಬಿಡು."

ಅವಳು ಆ ದಿನ ಯಾರನ್ನೂ ಅಡುಗೆಮನೆಗೆ ಬಿಡಲಿಲ್ಲ. ಅಮ್ಮ ಮೀನು ಕೊಯ್ಯಲು ಹೋದಾಗ ಕೈ ಅಡ್ಡ ಹಿಡಿದಳು. "ನೀನು ಮುಟ್ಬೇಡ. ಮಾತು ಕೊಟ್ಟದ್ದು ನಾನು, ಮುರಿಯುವುದೂ ನಾನೇ. ಇದರಲ್ಲಿ ಪಾಲು ಇಲ್ಲ." ಚಾವಡಿಗೆ ಬಂದು ಸಂತ ಅಂತೋನಿಯ ಚೌಕಟ್ಟನ್ನು ಎರಡು ಕೈಯಲ್ಲಿ ಎತ್ತಿ, ಮುಖ ಗೋಡೆಗೆ ತಿರುಗಿಸಿ ಇಟ್ಟಳು. ಏನೋ ಹೇಳಿದಳು, ಮೆಲ್ಲಗೆ, ಬಹಳ ಹೊತ್ತು. ಆಮೇಲೆ ಮೀನು ಕೊಯ್ದಳು, ತೊಳೆದಳು, ಅರೆಯುವ ಕಲ್ಲಿನ ಮುಂದೆ ಕೂತು ಮೆಣಸು ಅರೆದಳು. ಅರವತ್ತು ದಾಟಿದ ತೋಳುಗಳು, ಅರೆಯುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಹನ್ನೆರಡು ಗಂಟೆಗೆ ಮನೆ ತುಂಬ ಬೂತಾಯಿಯ ವಾಸನೆ ಹಬ್ಬಿತು. ಮೂರು ತಿಂಗಳಿಂದ ಕಾಣೆಯಾಗಿದ್ದ ಬೆಕ್ಕು ಹಿತ್ತಿಲಲ್ಲಿ ಪ್ರತ್ಯಕ್ಷವಾಯಿತು. ಅಂದು ಬಡಿಸಿದವಳು ವಡ್ಲಿಮಾಯ್. ಮೊದಲ ತಟ್ಟೆ ಅಕ್ಕನಿಗೆ, ಎಂಟು ಮೀನು. ಆಮೇಲೆ ಅಮ್ಮನಿಗೆ. ಆಮೇಲೆ ನನಗೆ, ಬಾಲವಲ್ಲ, ಇಡೀ ಮೀನುಗಳು ಮೂರು. ಪಪ್ಪ ಕೊನೆಗೆ. ನಾವು ತಿಂದೆವು. ಪ್ರೀತಿಯಿಂದ ತಿಂದೆವು ಎಂದು ಬರೆಯಬೇಕು. ನಿಜವೆಂದರೆ ನಾಯಿಗಳ ಹಾಗೆ ತಿಂದೆವು, ತಲೆ ಎತ್ತದೆ.

"ನಿಮಗೆ, ಮಾಯ್?" ಎಂದು ಅಮ್ಮ ಕೇಳಿದಾಗ ಅವಳ ಮುಂದೆ ಗಂಜಿ ಮತ್ತು ಮಾವಿನ ಮಿಡಿ ಇತ್ತು.

"ನನ್ನದು ಬೇರೆ ಮಾತಾಗಿದೆ," ಎಂದಳು. "ಇವಳಿಗೆ ಸೀಟು ಕೊಟ್ರೆ, ಮುರಿದದ್ದಕ್ಕೆ ಬದಲು ನನಗೆ ಇನ್ನು ಮೀನು ಇಲ್ಲ. ಅವರು ಒಪ್ಪಿದ್ದಾರೆ."

ಸಂತರು ಗೋಡೆಯ ಕಡೆ ಮುಖ ಮಾಡಿಕೊಂಡೇ ಒಪ್ಪಿದ್ದರು. ಸೋಮವಾರವೂ ಬೂತಾಯಿ, ಮಂಗಳವಾರವೂ ಬೂತಾಯಿ. ಬುಧವಾರ ಆಸ್ಪತ್ರೆಯಲ್ಲಿ ಮೇಟ್ರನ್ ಕಣ್ಣಿನ ರೆಪ್ಪೆ ಎಳೆದು ನೋಡಿ, ಹೂಂ ಎಂದರು. ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೊಂದು. ಸೀಟು ಸಿಕ್ಕಿತು. ವಡ್ಲಿಮಾಯ್ ಚೌಕಟ್ಟನ್ನು ಮತ್ತೆ ನಮ್ಮ ಕಡೆಗೆ ತಿರುಗಿಸಿ, ಗಾಜು ಒರೆಸಿ, ಒಂದು ಮೇಣದ ಬತ್ತಿ ಹಚ್ಚಿದಳು.

ಅದೇ ಮಧ್ಯಾಹ್ನ ಅಮ್ಮ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ನಮ್ಮಿಬ್ಬರನ್ನು ಗೋದಾಮಿಗೆ ಕಳಿಸಿದಳು. ಅಬ್ಬು ಬ್ಯಾರಿಗೆ ಸಂತೋಷವೋ ಸಂತೋಷ. ಮೋನು ಕಾಕ ಮಾತ್ರ ವಾಲಿದ ಕತ್ತನ್ನು ಇನ್ನಷ್ಟು ವಾಲಿಸಿದರು.

"ತೊಂಬತ್ತೊಂದಾ? ಶನಿವಾರ ಎಂಬತ್ತೆಂಟು. ನಾಲ್ಕು ದಿನದಲ್ಲಿ ಮೂರು ರಾತ್ಲು ಹೇಗೆ ಬರ್ತದೆ? ಆಸ್ಪತ್ರೆಯ ತಕ್ಕಡಿ ಸರಿ ಇಲ್ಲ. ನನ್ನ ಲೆಕ್ಕ ತಪ್ಪುವುದಿಲ್ಲ. ತೊಂಬತ್ತರ ಗುಂಡಿಗೆ ಮುಳ್ಳು ನೆಟ್ಟಗೆ ನಿಂತಿತ್ತು, ನಾನೇ ನೋಡಿದ್ದೇನೆ. ಗೋಣಿಯದ್ದು ಎರಡು ಹೋದ್ರೆ ಎಂಬತ್ತೆಂಟು." ಅವರ ಎಡಗೈಯ ಎರಡು ಬೆರಳು ತಾವಾಗಿ ಮಡಚಿಕೊಂಡವು.

ಕೊಬ್ಬರಿ ತುಂಬುವ ಖಾಲಿ ಗೋಣಿಚೀಲದ ತೂಕ ಎರಡು ರಾತ್ಲು. ಪ್ರತಿ ಮೂಟೆಯ ತೂಕದಿಂದ ಅದನ್ನು ಕಳೆದು ಹೇಳುವುದು ಬಂದರಿನ ಕ್ರಮ. ನಲವತ್ತು ವರ್ಷದಲ್ಲಿ ಮೋನು ಕಾಕ ಒಮ್ಮೆಯೂ ಅದನ್ನು ಮರೆತವರಲ್ಲ.

"ಏ ಮೋನು," ಎಂದರು ಅಬ್ಬು ಬ್ಯಾರಿ, ತಲೆಯ ಮೇಲೆ ಕೈಯಿಟ್ಟುಕೊಂಡು. "ಹುಡುಗಿ ಯಾವ ಗೋಣಿಯಲ್ಲಿ ಬಂದದ್ದು ಮಾರಾಯ?"

ಎಂದರೆ ಮೊದಲ ವಾರ ಅಕ್ಕ ಇಳಿದಿರಲೇ ಇಲ್ಲ. ಕೊನೆಯ ಶನಿವಾರ ಅವಳು ಹುರುಳಿಯ ಮೇಲೆಯೇ ತೊಂಬತ್ತು ಮುಟ್ಟಿದ್ದಳು. ಹರಕೆ ಮುರಿಯುವ ಅಗತ್ಯವೇ ಇರಲಿಲ್ಲ, ಮತ್ತು ನನ್ನ ಮೂರು ಗುಟುಕುಗಳಿಂದ ಯಾರ ತೂಕವೂ ಇಳಿದಿರಲಿಲ್ಲ. ಮೊದಲು ನನಗೆ ಆದದ್ದು ಹಗುರ, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯದು ಅಂಗಳದಲ್ಲಿ ಗೆರಸಿ ಪಕ್ಕಕ್ಕಿಟ್ಟ ವಡ್ಲಿಮಾಯ್‌ಯ ಕೈ ನೆನಪಾದದ್ದು. ದಾರಿಯಲ್ಲಿ ಮೂರನೆಯ ಕಂಬದ ಹತ್ತಿರ ಅಕ್ಕ ನಿಂತಳು.

"ವಡ್ಲಿಮಾಯ್‌ಗೆ ಹೇಳುವುದು ಬೇಡ."

"ಹೇಳಿದ್ರೆ ಅವಳು ಮೀನು ತಿನ್ನಬಹುದಲ್ಲ?"

"ತಿನ್ಲಿಕ್ಕಿಲ್ಲ. ಮಾತು ಮಾತೇ ಅಂತಾಳೆ. ಸುಮ್ಮನೆ ಮುರಿದೆ ಅಂತ ಇನ್ನೊಂದು ದುಃಖ ಸೇರ್ತದೆ, ಅಷ್ಟೆ."

ಅಮ್ಮನಿಗೆ ಹೇಳಿದೆವು, ಪಪ್ಪನಿಗೆ ಹೇಳಿದೆವು. ಇಬ್ಬರೂ ಎಮಿಲಿಯ ಮಾತೇ ಸರಿ ಎಂದರು. ಆ ಮೇಲೆ ನಮ್ಮ ಮನೆಯ ಒಲೆಯ ಮೇಲೆ ದಿನವೂ ಮೀನು ಬೆಂದಿತು, ವಡ್ಲಿಮಾಯ್ ಪಕ್ಕದಲ್ಲಿ ಕೂತು ಉಪ್ಪು ಸಾಕೋ ಬೇಕೋ ಎಂಬುದನ್ನು ಮೂಸಿಯೇ ಹೇಳುತ್ತಿದ್ದಳು, ತಪ್ಪುತ್ತಿರಲಿಲ್ಲ. ಎಷ್ಟೋ ಮಧ್ಯಾಹ್ನ ಹೇಳಿಬಿಡೋಣ ಎಂದು ನನ್ನ ಬಾಯಿಗೆ ಬಂತು. ಅವಳು ಮಾವಿನ ಮಿಡಿಯನ್ನು ನಾಲ್ಕು ತುಂಡು ಮಾಡಿ, ನಾಲ್ಕು ತುತ್ತಿಗೆ ಒಂದೊಂದು ಕಡಿದುಕೊಳ್ಳುವುದನ್ನು ನೋಡಿ ಸುಮ್ಮನಾದೆ. ಕಡೆಗಾಲದಲ್ಲಿ ಅವಳು ಹಾಸಿಗೆ ಹಿಡಿದಾಗ ಡಾಕ್ಟರು ಕೈ ಹಿಡಿದು ನೋಡಿ, ಇವರಿಗೆ ಪ್ರೊಟೀನ್ ಸಾಲದು, ಮೀನಿನ ಸಾರಾದರೂ ಕುಡಿಸಿ ಎಂದರು. ಆಗ ಎಮಿಲಿ ಸ್ಟಾಫ್ ನರ್ಸ್ ಆಗಿದ್ದಳು. ಡ್ಯೂಟಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಬಂದು, ಹಾಸಿಗೆಯ ಪಕ್ಕ ಕೂತು, ಚಮಚ ಬಾಯಿಯ ಹತ್ತಿರ ತಂದಳು. ವಡ್ಲಿಮಾಯ್ ಮೂಸಿ ನೋಡಿದಳು.

"ಉಪ್ಪು ಕಡಿಮೆ ಉಂಟು," ಎಂದಳು, ತುಟಿ ಮುಚ್ಚಿಕೊಂಡಳು.

ಎಮಿಲಿ ಚಮಚವನ್ನು ಬಟ್ಟಲಿಗೆ ಹಾಕಿ, ಅವಳ ಬೆನ್ನಿನ ಅಡಿಗೆ ಕೈ ಹಾಕಿ, ಒಬ್ಬಳೇ ಎತ್ತಿ, ಮಗ್ಗುಲು ಬದಲಿಸಿ ಮಲಗಿಸಿದಳು.

ಎಮಿಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದು ನಿವೃತ್ತಳಾದಳು. ವಡ್ಲಿಮಾಯ್ ಆ ಬುಧವಾರದ ನಂತರ ಒಂಬತ್ತು ವರ್ಷ ಬದುಕಿದಳು, ಮೀನು ತಿನ್ನಲಿಲ್ಲ.